ದಾದಿಯ ಫೋಟೋ ತೆಗೆದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎರಡು ವಸ್ತುಗಳನ್ನು ಅಪ್ಪನನ್ನು ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಂದು ಅವನ ಹಿತ್ತಾಳೆಯ ಕಾಫಿ ಫಿಲ್ಟರ್, ಇನ್ನೊಂದು ಅವನ ಹಳೆಯ ಕ್ಯಾಮೆರಾ. ಅಪ್ಪ ಶಿರಸಿಯ ಪೇಟೆಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟಿದ್ದ. ಮುಂದಿನ ಕೋಣೆಯಲ್ಲಿ ಸ್ಟುಡಿಯೋ, ಹಿಂದಿನ ಎರಡು ಕೋಣೆಗಳಲ್ಲಿ ನಾವು. ಬೆಳಿಗ್ಗೆ ಎದ್ದರೆ ಹುರಿದ ಕಾಫಿ ಬೀಜದ ಘಮ, ಮಧ್ಯಾಹ್ನವಾದರೆ ಫೋಟೋ ತೊಳೆಯುವ ಔಷಧಿಯ ಹುಳಿ ವಾಸನೆ. ಇವೆರಡೂ ಎಲ್ಲರ ಮನೆಯಲ್ಲೂ ಇರುತ್ತವೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಆ ಕ್ಯಾಮೆರಾ ನೀವು ನೋಡಿದಂಥದ್ದಲ್ಲ. ಕಪ್ಪು ಡಬ್ಬಿಯಂತಿತ್ತು. ಎದುರಿಗೆ ಮೇಲೊಂದು ಕೆಳಗೊಂದು ಎರಡು ಕಣ್ಣು. ಅದನ್ನು ಎದೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆರೆದು, ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ ನೋಡಬೇಕು. ಒಳಗೆ ಗಾಜಿನ ಮೇಲೆ ಎದುರಿನ ಲೋಕವೆಲ್ಲ ಪುಟ್ಟದಾಗಿ ಹೊಳೆಯುತ್ತಿತ್ತು. ಆದರೆ ಎಡದಲ್ಲಿದ್ದದ್ದು ಬಲಕ್ಕೆ, ಬಲದಲ್ಲಿದ್ದದ್ದು ಎಡಕ್ಕೆ! ಊರಿನ ಬೇರೆ ಫೋಟೋದವರೆಲ್ಲ ಫ್ಲಾಶ್ ಇರುವ ಹೊಸ ಕ್ಯಾಮೆರಾ ಕೊಂಡಿದ್ದರು. ಅಪ್ಪನಿಗೆ ಮಾತ್ರ ಇದೇ ಬೇಕು.

ಕಾಫಿಯದೂ ಹಾಗೆಯೇ. ಬೀಜವನ್ನು ಬಾಣಲೆಯಲ್ಲಿ ತಾನೇ ಹುರಿದು, ಕೈಗಿರಣಿಯಲ್ಲಿ ತಾನೇ ಪುಡಿ ಮಾಡುತ್ತಿದ್ದ. ಫಿಲ್ಟರಿನ ಮೇಲಿನ ಬಟ್ಟಲಿಗೆ ಪುಡಿ ಹಾಕಿ, ಹದವಾಗಿ ಒತ್ತಿ, ಕುದಿಯುವ ನೀರನ್ನು ಸುತ್ತಲೂ ನಿಧಾನ ಹೊಯ್ದು ಮುಚ್ಚಿಬಿಟ್ಟರೆ ಮುಗಿಯಿತು, ಡಿಕಾಕ್ಷನ್ ತಾನಾಗಿ ಇಳಿಯಬೇಕು. ಅವಸರ ಮಾಡಿ ಯಾರಾದರೂ ಫಿಲ್ಟರ್ ತಟ್ಟಿದರೆ ಅಪ್ಪನ ಮುಖ ಕಪ್ಪಿಡುತ್ತಿತ್ತು. ಊರೂರಿಗೆ ಫೋಟೋ ತೆಗೆಯಲು ಹೋಗುವಾಗಲೂ ಕ್ಯಾಮೆರಾ ಚೀಲದ ಒಂದು ಖಾನೆಯಲ್ಲಿ ಫಿಲ್ಟರ್ ಕೂತಿರುತ್ತಿತ್ತು.

ಸ್ಟುಡಿಯೋದಲ್ಲಿ ಅಪ್ಪನಿಗೆ ಬಲಗೈಯಾಗಿದ್ದವಳು ಅಕ್ಕ. ಅವಳು ಮದುವೆಯಾಗಿ ಸಿದ್ದಾಪುರಕ್ಕೆ ಹೋದ ಮೇಲೆ ಆ ಜಾಗ ಖಾಲಿ ಬಿದ್ದಿತ್ತು. ಅದೇ ವರ್ಷ ಅಪ್ಪ ಮೆಟ್ಟಿಲಿನಿಂದ ಜಾರಿ ನಿಜವಾದ ಬಲಗೈಯನ್ನೂ ಮುರಿದುಕೊಂಡ. ಮೊಣಕೈಯಿಂದ ಬೆರಳ ತನಕ ಪ್ಲಾಸ್ಟರು.

ಹಾಗಿರುವಾಗ ಒಂದು ಬೆಳಿಗ್ಗೆ ಯಲ್ಲಾಪುರದಿಂದ ಡ್ರೈವರ್ ಮಾಮ ಬಂದ. ಅವನು ಲಾರಿ ಓಡಿಸುತ್ತಿದ್ದ, ಅಪ್ಪನ ಹಳೆಯ ಗೆಳೆಯ. ಹಿಂದಿನ ವಾರವಷ್ಟೇ ಅವನ ಮಗಳ ಮದುವೆಯಾಗಿತ್ತು. ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡಿದ್ದ ಆ ಹುಡುಗಿಯನ್ನು ಸಾಕಿ ಬೆಳೆಸಿದವಳು ಮಾಮನ ತಾಯಿ. ಆ ಮನೆಯಲ್ಲಿ ಅಜ್ಜಿಗೆ ದಾದಿ ಎನ್ನುತ್ತಿದ್ದರು.

"ನಾಳೆ ಮಧ್ಯಾಹ್ನದ ಬಸ್ಸಿಗೆ ಹುಡುಗಿ ಗಂಡನ ಜೊತೆ ಮೈಸೂರಿಗೆ ಹೊರಡ್ತಾಳ್ರಿ. ದಾದಿದೊಂದು ಫೋಟೋ ಇಲ್ದೆ ಬಸ್ ಹತ್ತೋದಿಲ್ಲ ಅಂತ ಹಟ ಹಿಡಿದಾಳ," ಎಂದ ಮಾಮ.

"ಮದುವೆ ಫೋಟೋದಲ್ಲಿ ಅವರು ಬಂದಿಲ್ವ?" ಎಂದು ಅಪ್ಪ ಕೇಳಿದ.

ಬಂದಿದ್ದರು, ಆದರೆ ಮುಖವೇ ಇರಲಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ದಾದಿಗೆ ಜೋರು ಬೆಳಕನ್ನು ತಡೆಯಲಾಗುತ್ತಿರಲಿಲ್ಲ. ಬಿಸಿಲಿಗೆ ಬಂದರೆ ಕಣ್ಣಿಂದ ನೀರು ಸುರಿಯುತ್ತಿತ್ತು. ಫ್ಲಾಶ್ ಹೊಡೆದಾಗಲೆಲ್ಲ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

ಅಪ್ಪ ತನ್ನ ಪ್ಲಾಸ್ಟರ್ ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. "ಕೂಸೇ, ಕ್ಯಾಮೆರಾ ನೀನೇ ಹಿಡಿಯವು. ಎಂಗೆ ಆಗ್ತಿಲ್ಲೆ."

"ಆನು? ಹಾಳಾದ್ರೆ ಎಂತ ಮಾಡದು?" ನಾನೇ ಫೋಟೋ ತೆಗೆಯುವುದೆಂದರೆ ನನಗೆ ಹೆದರಿಕೆ.

"ಹಾಳಾದ್ರೆ ಇನ್ನೊಂದು ತೆಗಿಲಕ್ಕು. ಹೊರಡು."

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಅಪ್ಪಿ ಹಿಡಿದು ಕೂತೆ. ಭೈರುಂಬೆ ದಾಟುವ ತನಕ ಅಪ್ಪ ಪಾಠ ಹೇಳುತ್ತಲೇ ಇದ್ದ. ಫ್ಲಾಶ್ ಇಲ್ಲದೆ ಒಳಗೆ ತೆಗೆಯುವಾಗ ಬೆಳಕು ಕಮ್ಮಿ. ಆದ್ದರಿಂದ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದುಕೊಂಡಿರಬೇಕಾಗುತ್ತದೆ. ಅಷ್ಟು ಹೊತ್ತು ಕೂತವರು ಅಲುಗಬಾರದು. ಅಲುಗಿದರೆ ಮುಖ ಹೊಗೆಯಂತೆ ಕಲಸಿ ಹೋಗುತ್ತದೆ.

ಮಾಮನ ಮನೆಗೆ ಹೋದಾಗ ಮದುಮಗಳು ಪೆಟ್ಟಿಗೆ ತುಂಬುತ್ತಿದ್ದಳು. ಕೈಯ ಮೆಹಂದಿ ಇನ್ನೂ ಕೆಂಪಗಿತ್ತು. ದಾದಿ ಅಡುಗೆಮನೆಯ ಹಿಂಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಬಿಳಿ ಸೀರೆ, ತೆಳ್ಳಗಿನ ಮುಖ. ಹಿತ್ತಿಲಿನ ನೆರಳಿನಿಂದ ತಣ್ಣನೆಯ ಬೆಳಕು ಅವಳ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಜಾಗವೇನೋ ಚೆನ್ನಾಗಿಯೇ ಇತ್ತು. ಆದರೆ ಹತ್ತಿರ ಹೋದಾಗ ಕಂಡಿತು, ದಾದಿಯ ತಲೆ ನಡುಗುತ್ತಿತ್ತು. ಯಾವುದಕ್ಕೋ ಬೇಡ ಬೇಡ ಎನ್ನುವ ಹಾಗೆ ಮೆಲ್ಲಗೆ ಅತ್ತಿಂದಿತ್ತ ಅಲ್ಲಾಡುತ್ತಲೇ ಇತ್ತು.

ಅಪ್ಪ ಬೆಳಕು ನೋಡಿ ಕ್ಯಾಮೆರಾದಲ್ಲಿ ಯಾವುದನ್ನು ಎಷ್ಟಕ್ಕೆ ತಿರುಗಿಸಬೇಕೆಂದು ಹೇಳಿದ. ನಾನು ಅದನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಗಾಜಿನೊಳಗೆ ನೋಡಿದೆ. "ದಾದಿ, ಸ್ವಲ್ಪ ಅಲ್ಲಾಡಬ್ಯಾಡಿ," ಎಂದೆ. ಪಾಪ, ಅವಳು ಹಲ್ಲು ಕಚ್ಚಿ, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಹಾಗೆ ಬಿಗಿ ಹಿಡಿದಷ್ಟೂ ನಡುಕ ಜಾಸ್ತಿಯಾಯಿತು. ಒತ್ತಿದೆ, ಇನ್ನೊಮ್ಮೆ ಒತ್ತಿದೆ, ಮತ್ತೂ ಒತ್ತಿದೆ. ಪ್ರತಿ ಸಲವೂ ಗಾಜಿನೊಳಗಿನ ಪುಟ್ಟ ಮುಖ ಅಲುಗಾಡಿದ್ದು ನನಗೆ ಕಂಡಿತ್ತು.

ಕೊನೆಗೆ ದಾದಿಯೇ ಕೈ ಎತ್ತಿದಳು. "ಬಸ್, ಬೇಟಿ. ಸಾಕು. ಈ ತಲೆ ನನ್ನ ಮಾತೂ ಕೇಳೋದಿಲ್ಲ. ನಿನ್ನ ಮಾತು ಎಲ್ಲಿ ಕೇಳ್ತದ?"

ಬಾಗಿಲ ಬಳಿ ನಿಂತಿದ್ದ ಮದುಮಗಳು ಒಳಗೆ ಹೋದಳು. ಅವಳು ಮೂಗು ಒರೆಸಿಕೊಂಡ ಸದ್ದು ನಮಗೆಲ್ಲ ಕೇಳಿಸಿತು. ನನಗೆ ಅಳು ಬಂದುಬಿಟ್ಟಿತು. ಅಪ್ಪ ಎಡಗೈಯಿಂದ ಚೀಲ ತಡಕಿ ಫಿಲ್ಟರ್ ತೆಗೆದ. "ಒಲೆ ಮೇಲೆ ಒಂಚೂರು ನೀರಿಡ್ಲಾ?" ಎಂದು ದಾದಿಯನ್ನು ಕೇಳಿದ.

"ಚಹಾ ಕುಡಿಯೋ ಮನೆಗೆ ಕಾಫಿ ಹೊತ್ಕೊಂಡು ಬಂದೀರಿ?" ದಾದಿಗೆ ನಗು ಬಂತು. "ಮಾಡ್ರಿ, ಮಾಡ್ರಿ. ನೋಡೋಣ."

ಒಂದೇ ಕೈಯಲ್ಲಿ ಕಾಫಿ ಮಾಡುವುದನ್ನು ನೀವು ನೋಡಬೇಕಿತ್ತು. ಕಾಫಿಪುಡಿಯ ಡಬ್ಬಿಯನ್ನು ಮೊಣಕಾಲುಗಳ ನಡುವೆ ಇಟ್ಟು ಮುಚ್ಚಳ ತೆರೆದ. ಅರ್ಧ ಪುಡಿ ಕಟ್ಟೆಯ ಮೇಲೆ ಚೆಲ್ಲಿದ. ನಾನು ಸಹಾಯಕ್ಕೆ ಹೋದರೆ ಬ್ಯಾಡ ಎಂದು ತಲೆಯಾಡಿಸಿದ. ನೀರು ಹೊಯ್ದು ಮುಚ್ಚಿ, ಫಿಲ್ಟರನ್ನು ದಾದಿಯ ಪಕ್ಕದ ಕಟ್ಟೆಯ ಮೇಲಿಟ್ಟ. ಇಡೀ ಅಡುಗೆಮನೆ ಘಮ್ಮೆಂದಿತು.

"ಆಯ್ತೇನು? ಕೊಡ್ರಿ ಮತ್ತ," ಎಂದಳು ದಾದಿ.

"ಇನ್ನೂ ಇಳೀಬೇಕು. ಕಣ್ಣಿಗೆ ಕಾಣೋದಿಲ್ಲ. ಕಿವಿ ಕೊಟ್ಟರೆ ಹನಿ ಬೀಳೋದು ಕೇಳ್ತದೆ."

ದಾದಿ ಫಿಲ್ಟರಿನ ಕಡೆ ಬಾಗಿದಳು. ಮೊಣಕೈಯನ್ನು ಕಟ್ಟೆಗೆ ಊರಿ, ಕೆನ್ನೆಯನ್ನು ಅಂಗೈಗೆ ಆನಿಸಿ, ಕಣ್ಣನ್ನು ಅರ್ಧ ಇಳಿಸಿ, ಕಿವಿಗೊಟ್ಟು ಕೂತಳು. ಟಪ್ ಎಂದು ಒಂದು ಹನಿ. ಸ್ವಲ್ಪ ಹೊತ್ತಿಗೆ ಇನ್ನೊಂದು. ಅವಳ ತುಟಿಯ ಅಂಚಿನಲ್ಲಿ ಸಣ್ಣದೊಂದು ನಗು ಹುಟ್ಟಿತು.

ಆಗ ನನಗೆ ಕಂಡಿತು, ಅವಳ ತಲೆ ನಿಂತಿತ್ತು.

ಅಪ್ಪ ಲೋಟ ಹುಡುಕುತ್ತ ಅತ್ತ ತಿರುಗಿದ್ದ. ಕರೆದರೆ ದಾದಿ ಎಚ್ಚೆತ್ತುಕೊಳ್ಳುತ್ತಾಳೆ. ನಾನು ಕ್ಯಾಮೆರಾವನ್ನು ಮೆಲ್ಲನೆ ತಿರುಗಿಸಿದೆ. ಅವಸರದಲ್ಲಿ ಎಡಬಲ ಮರೆತುಹೋಗಿ ದಾದಿ ಗಾಜಿನಿಂದಲೇ ಜಾರಿಹೋದಳು. ಮತ್ತೆ ಹಿಂದಕ್ಕೆ ತಂದೆ. ಚಿತ್ರವನ್ನು ಸ್ಪಷ್ಟ ಮಾಡಿಕೊಂಡು ಗುಂಡಿ ಒತ್ತಿದೆ. ಹೆಚ್ಚು ಹೊತ್ತು ತೆರೆದಿರುವಾಗ ಆ ಕ್ಯಾಮೆರಾ ಜೀರುಂಡೆಯಂತೆ ಗರ್ರೆನ್ನುತ್ತಿತ್ತು. ಆ ಸದ್ದಿಗೆ ಅವಳು ಎಲ್ಲಿ ತಿರುಗಿ ನೋಡುತ್ತಾಳೋ ಎಂದು ನನಗೆ ಜೀವವೇ ಬಾಯಿಗೆ ಬಂದಿತ್ತು. ಗರ್ರೆಂದದ್ದು ನಿಂತಿತು. ಕ್ಯಾಮೆರಾದ ಕಣ್ಣು ಮುಚ್ಚಿಕೊಂಡಿತು. ಆಮೇಲಷ್ಟೇ ದಾದಿ ತಲೆ ಎತ್ತಿ, "ಅರೇ, ಏನ್ ಮಾಡಿದಿ ನೀನು?" ಎಂದಳು.

ಅಪ್ಪ ಹಿಂದಿನಿಂದ ಬಂದು ನನ್ನ ನೆತ್ತಿಯ ಮೇಲೆ ಎಡಗೈ ಇಟ್ಟ. ಅಷ್ಟರಲ್ಲಿ ತಿರುಗಿ ಅವನೂ ನೋಡಿದ್ದ.

ಮರುದಿನ ಬೆಳಿಗ್ಗೆ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೂತೆವು. ಅಪ್ಪ ಹೇಳಿದ ಹಾಗೆ ಬಿಳಿ ಕಾಗದವನ್ನು ಔಷಧಿಯಲ್ಲಿ ಅದ್ದಿ ತಟ್ಟೆಯನ್ನು ಮೆಲ್ಲಗೆ ಅಲುಗಿಸುತ್ತಿದ್ದೆ. ಮೊದಲು ಕಂಡದ್ದು ಫಿಲ್ಟರಿನ ನೆರಳು. ಆಮೇಲೆ ಬೆರಳುಗಳು, ಬಳೆ, ಕೆನ್ನೆಯ ಸುಕ್ಕು. ಕೊನೆಗೆ ಆ ನಗು. ಒಂದು ಗೆರೆಯೂ ಕಲಸಿರಲಿಲ್ಲ.

ಯಲ್ಲಾಪುರದಿಂದ ಹೊರಟ ಮೈಸೂರಿನ ಬಸ್ಸು ದಾರಿಯಲ್ಲಿ ಶಿರಸಿಯ ಬಸ್‌ಸ್ಟ್ಯಾಂಡಿಗೆ ಬಂದಾಗ ನಾನು ಓಡಿ ಹೋಗಿ ಕಿಟಕಿಯಲ್ಲಿ ಲಕೋಟೆ ಕೊಟ್ಟೆ. ಕಾಗದದ ಅಂಚು ಇನ್ನೂ ಹಸಿಯಿತ್ತು. ಮದುಮಗಳು ತೆರೆದು ನೋಡಿದವಳು ನೋಡುತ್ತಲೇ ಇದ್ದಳು.

"ಹೀಂಗ ಕೂಡು ಅಂತ ದಾದಿಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ," ಎಂದೆ.

"ನಾನು ಸಾಲಿಯಿಂದ ಬರೋ ಹೊತ್ತಿಗೆ ದಿನಾ ಬಾಗಿಲದಾಗ ಹೀಂಗೇ ಕೂತಿರ್ತಿದ್ಲು. ನನ್ನ ಚಪ್ಪಲಿ ಸಪ್ಪಳ ಕೇಳಬೇಕು ಅಂತ."

ಅಷ್ಟು ಹೇಳಿ ಕಿಟಕಿಯ ಸರಳುಗಳ ನಡುವಿನಿಂದ ಕೈ ಚಾಚಿ ನನ್ನ ಕೆನ್ನೆ ಹಿಡಿದುಕೊಂಡಳು. ಬಸ್ಸು ಹೊರಡುವ ತನಕ ಬಿಡಲಿಲ್ಲ.

ಮುಂದಿನ ವರ್ಷ ದಾದಿ ತೀರಿಕೊಂಡಾಗ ಅವಳು ಮೈಸೂರಿನಿಂದ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಆಗ ಅವಳ ಪಾಲಿಗೆ ಉಳಿದ ಮುಖ ಅದೊಂದೇ.

ಈಗ ಅಕ್ಕನ ಮೊಮ್ಮಕ್ಕಳಾದ ನೀವು ರಜೆಗೆ ಬಂದು ನನ್ನನ್ನು ಸಣ್ಣಜ್ಜಿ, ಸಣ್ಣಜ್ಜಿ ಎಂದು ಸುತ್ತುತ್ತೀರಿ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಬಿದ್ದು ಮಂಡಿ ತರಚಿಕೊಂಡದ್ದು ದೂರದ ಊರಿನಲ್ಲಿದ್ದ ಅವಳಮ್ಮನಿಗೆ ಆ ಕ್ಷಣವೇ ಕಂಡಿತು. ಅಮ್ಮ ಫೋನಿನಲ್ಲೇ ಊದಿದಳು, ಇವಳ ಅಳು ನಿಂತಿತು. ನನಗೆ ಅದನ್ನು ನೋಡಿ ಸಂತೋಷವೇ ಆಯಿತು. ಇಂಥದ್ದೊಂದು ಇದ್ದಿದ್ದರೆ ಆ ಮದುಮಗಳು ದಿನಾ ಸಂಜೆ ದಾದಿಯ ಜೊತೆ ಮಾತಾಡುತ್ತಿದ್ದಳಲ್ಲ ಎಂದುಕೊಂಡೆ. ನಾವು ಒಂದು ಮುಖಕ್ಕಾಗಿ ಯಲ್ಲಾಪುರಕ್ಕೆ ಹೋಗಿ ದಿನವಿಡೀ ಕಳೆದೆವು. ನೀವು ಸ್ನಾನಕ್ಕೆ ಹೋಗುವ ಮೊದಲೇ ರಾಶಿ ರಾಶಿ ಫೋಟೋ ತೆಗೆದಿರುತ್ತೀರಿ. ತೆಗೆಯಿರಿ. ಒಂದೇ ಒಂದು ಮಾತು. ನೀವು ತೆಗೆದ ಅಷ್ಟೂ ಫೋಟೋಗಳಲ್ಲಿ ನಿಮಗೆ ಪ್ರೀತಿಯ ಯಾರಾದರೊಬ್ಬರು, ನೀವು ನೋಡುತ್ತಿದ್ದೀರಿ ಎಂಬುದನ್ನೇ ಮರೆತು ತಮ್ಮಷ್ಟಕ್ಕೆ ಕೂತದ್ದು ಇದೆಯೇ? ಇವತ್ತು ಸಂಜೆ ಹುಡುಕಿ. ಸಿಕ್ಕಿದರೆ ಓಡಿ ಬಂದು ನನಗೂ ತೋರಿಸಿ.