ಎಡಗಾಲಿಗೆ ಬಿದ್ದ ಟೀ

ಮಾಲೇಕಲ್ಲಿಗೆ ಹರಕೆ ಹೊತ್ತು ಬೆಟ್ಟ ಹತ್ತೋರನ್ನ ಕಂಡ್ರೆ ನಗ್ತಿದ್ದೋಳು ನಾನು. ಗಾಳಿ ಸೋಕ್ತು, ದೇವರು ಕನಸಿಗೆ ಬಂತು ಅಂದ್ರೆ, ಹೊಟ್ಟೆಗೆ ಸರಿಯಾಗಿ ತಿನ್ನಿ ಅಂತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಆದ್ರೂ ಯಾವುದು ನಂಬೋದು, ಯಾವುದು ಬಿಡೋದು ಅಂತ ಗೊತ್ತು ಅಂದುಕೊಂಡಿದ್ದೆ. ಈಗ ಹಾಗನ್ನೋಕೆ ಬಾಯಿ ಬರಲ್ಲ. ನೀವು ನಕ್ಕರೂ ಸರಿ, ಆದದ್ದು ಇಷ್ಟು.

ನನ್ನ ಓರಗಿತ್ತಿ ಜಯಮ್ಮನಿಗೆ ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ನಮ್ಮೂರು ಗಂಡಸಿಯಿಂದ ಕಾರಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದಾಗ ಎರಡು ಕಾಲೂ ಮರಗಟ್ಟಿದ್ದವು. ಡಾಕ್ಟ್ರು ಅಂಗಾಲಿಗೆ ಪಿನ್ನು ಚುಚ್ಚಿದರು. ಅವಳಿಗೆ ಗೊತ್ತೇ ಆಗಲಿಲ್ಲ.

"ಆಪರೇಷನ್ ತಡೆಯೋ ದೇಹ ಅಲ್ಲಮ್ಮ ಇದು. ಊತ ಇಳಿಯೋಕೆ ಇಂಜೆಕ್ಷನ್ ಕೊಟ್ಟಿದ್ದೀವಿ. ಸ್ಕ್ಯಾನ್ ನೋಡ್ಕೊಂಡು ನಾಳೆಯಿಂದ ಹತ್ತು ದಿನ ಕರೆಂಟು ಕೊಡ್ತೀವಿ. ಕಾಲಿಗೆ ಶಕ್ತಿ ಬಂದ್ರೆ ಬಂತು" ಅಂದರು. ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟು ಅಂತಲೇ ಅನ್ನೋದು.

ಸ್ಕ್ಯಾನಿಗೆ ಮೈಮೇಲೆ ಲೋಹ ಇರಬಾರದಂತೆ. ಬಳೆ, ಓಲೆ ಎಲ್ಲ ಬಿಚ್ಚಿ ಕೊಟ್ಟಳು. ಕಾಲುಂಗುರಕ್ಕೆ ಮಾತ್ರ ಹಟ.

"ಚೀಲಕ್ಕೆ ಹಾಕಬ್ಯಾಡ ಕಣಕ್ಕ. ಕಾಲುಂಗುರ ಕಾಲಲ್ಲೇ ಇರಬೇಕು."

"ಯಾರ ಕಾಲಲ್ಲೇ? ನನ್ನ ಗಂಡ ಹೋಗಿ ಹನ್ನೆರಡು ವರ್ಷ ಆಯ್ತು."

"ನೀನೇ ಹಾಕ್ಕೋ. ಭಾವ ಇನ್ನೊಂದ್ಸಲ ಸಾಯ್ತಾರಾ?"

ನಗು ಬಂತು. ಹಾಕಿಕೊಂಡೆ. ಅವಳನ್ನ ಒಳಗೆ ತಳ್ಳಿಕೊಂಡು ಹೋದರು. ನಾನು ಬರಿಗಾಲಲ್ಲಿ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಟೀ ಮಾರೋನು ಪಕ್ಕದೋರಿಗೆ ಲೋಟ ಕೊಡೋಕೆ ಹೋಗಿ ನನ್ನ ಎಡಗಾಲ ಮೇಲೆ ಚೆಲ್ಲಿದ. ಕುದಿಯೋ ಟೀ. ಚೆನ್ನಾಗಿ ಬೈದು, ಸೆರಗಲ್ಲಿ ಒರೆಸಿಕೊಂಡೆ.

ಜಯಮ್ಮ ಆಚೆ ಬಂದವಳೇ, "ಅಕ್ಕ, ಯಾರೋ ನನ್ನ ಎಡಗಾಲಿಗೆ ಬಿಸಿನೀರು ಹುಯ್ದರು" ಅಂದಳು. ಯಾರೂ ಹತ್ತಿರ ಹೋಗಿಲ್ಲ ಅಂತು ನರ್ಸು. ಅವಳ ಕಾಲು ಮುಟ್ಟಿ ನೋಡಿದೆ. ಒಣಗಿತ್ತು, ತಣ್ಣಗಿತ್ತು. ಸಂಜೆ ಡಾಕ್ಟ್ರು ಪಿನ್ನು ಚುಚ್ಚಿದಾಗ ಎಡಗಾಲು ಸರಕ್ಕನೆ ಎಳೆದುಕೊಂಡಳು. ಬಲಗಾಲು ಹಾಗೇ ಬಿದ್ದಿತ್ತು.

ಇಂಜೆಕ್ಷನ್ ಕೆಲಸ ಮಾಡಿದೆ, ನರ ಸಡಿಲ ಆಗುವಾಗ ಬಿಸಿ ಅನ್ನಿಸೋದುಂಟು ಅಂದರು. ಇರಬಹುದು. ಅದೇ ಹೊತ್ತಿಗೆ, ಅದೇ ಕಾಲಿಗೇ ಯಾಕೆ ಅಂತ ಕೇಳೋಕೆ ನಾಚಿಕೆ ಆಯ್ತು.

ಇದಾಗಿ ಎರಡು ವರ್ಷ. ಸೊಂಟಕ್ಕೆ ಬೆಲ್ಟು ಕಟ್ಟಿ, ವಾಕರ್ ಹಿಡಿದು ಅಂಗಳದ ತನಕ ಬತ್ತಾಳೆ. ಬಲಗಾಲು ಎಳೀತಾಳೆ. ಟೀ ಬಿದ್ದದ್ದು ಅವಳಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಮಾತ್ರೆ ಬಿಸಾಕಿ, ಬಲಗಾಲಿಗೂ ಹುಯ್ಕೋ ಅಂತಾಳೆ.

ಹುಯ್ಕೊಂಡೇಬಿಡ್ತೀನೇನೋ ಅಂತ ನನಗೇ ಭಯ.