ಫೋನಿಗೆ ಚಿಲಕ ಇಲ್ಲ

ನಮ್ಮ ಡಾಕ್ಟರಬಾಯಾರ ಎಡಗೈ ತೋರುಬೆರಳಿಗೆ ತುದಿ ಇರಲಿಲ್ಲ. ಓದುವ ಕಾಲಕ್ಕೆ ಫಿಟ್ಸ್ ಬಂದವನೊಬ್ಬನ ಬಾಯಲ್ಲಿ ಬೆರಳಿಟ್ಟಿದ್ದರಂತೆ. ಅವನು ಕಚ್ಚಿ ತುಂಡು ಮಾಡಿಬಿಟ್ಟ. ಜಲನಗರದ ತಮ್ಮ ಆಸ್ಪತ್ರೆಗೆ ಬಂದವರಿಗೆಲ್ಲ ಆ ಮೊಂಡು ಬೆರಳು ತೋರಿಸಿ, "ಬಾಯಾಗ ಏನೂ ತುರುಕಬ್ಯಾಡ್ರಿ, ಮಗ್ಗಲಾಗಿ ಮಲಗಸ್ರಿ, ಸಾಕು" ಅನ್ನುತ್ತಿದ್ದರು. ಅಂಜುವ ಹೆಣ್ಣುಮಕ್ಕಳನ್ನು ಕರೆಯುತ್ತಿದ್ದದ್ದು 'ಹುಲಿ' ಅಂತ.

ನನಗೂ ಫಿಟ್ಸ್ ಇತ್ತು. ಆದರೆ ಆಸ್ಪತ್ರೆಗಿಂತ ಫೋನೇ ಬೇಕಿತ್ತು. ಒಮ್ಮೆ ಆಸ್ಪತ್ರೆಗೆ ಹೊರಟು ಗಾಂಧಿ ಚೌಕದಲ್ಲಿ ಬಸ್ಸಿಳಿಯುತ್ತ ಬಿದ್ದಾಗ ಕಂಡವರೆಲ್ಲ ಚಪ್ಪಲಿ ತೆಗೆದು ಮೂಗಿಗೆ ಒತ್ತಿದ್ದರು. ಮೂರ್ಛೆಗೆ ನಮ್ಮ ಕಡೆ ಅದೇ ಔಷಧ. ಎಚ್ಚರಾದಾಗ ಬಾಯಿ ತುಂಬ ರಕ್ತ, ಮಣ್ಣು. ಆಮೇಲೆ ಬಸ್ಸು ಅಂದರೆ ಜೀವ ಹಾರುತ್ತಿತ್ತು. ತಿಕೋಟಾದ ಮನೆಯಲ್ಲೇ ಕೂತು ವಿಡಿಯೊದಲ್ಲಿ ಮಾತಾಡಿ ಗುಳಿಗೆ ಬರೆಸಿಕೊಳ್ಳುತ್ತಿದ್ದೆ. ಫೋನು ಹಿಡಿಯುವವನು ಗಂಡ.

ಆ ಚಪ್ಪಲಿ ಅವನ ಕೈಗೂ ಬಂತು. ಮೂರ್ಛೆ ಬರಲಿ ಬಿಡಲಿ, ಸಾರಿಗೆ ಉಪ್ಪು ಹೆಚ್ಚಾದರೂ ಮುಖದ ಮೇಲೆ ಬಾರಿಸುತ್ತಿದ್ದ. ಚೀರಿದರೆ ನೆರೆಯವರು, "ಪಾಪ, ಮತ್ತ ಫಿಟ್ಸ್ ಬಂದಾವ" ಅನ್ನುವರು. ಅವನ ಕೈ ಸೇದಿಹೋಗಲಿ.

ಒಂದಿನ ವಿಡಿಯೊದಲ್ಲಿ ಬಾಯಾರು ಕೇಳಿದರು, "ಕೆನ್ನಿಗೆ ಏನಾಗೇತಿ?"

"ಬಿದ್ದಾಳ್ರಿ" ಅಂದ ಗಂಡ.

"ಇದರಾಗ ಕಾಣವಲ್ದು. ನಾಳೆ ಕರಕೊಂಡು ಬರ್ರಿ. ನೋಡದ ಗುಳಿಗಿ ಬರಿಯಂಗಿಲ್ಲ."

ಹೋದೆವು. ಕೆನ್ನೆ ಮುಟ್ಟಿ ನೋಡಿದರು. ಚಪ್ಪಲಿಯ ಅಚ್ಚು ಇನ್ನೂ ಮಾಸಿರಲಿಲ್ಲ. ಗಂಡನಿಗೆ ಹೊರಗೆ ಕೂಡಲು ಹೇಳಿದರು.

"ಯಾಕ್ರಿ? ನನ್ನ ಹೇಂತಿ ಆಕಿ" ಅಂತ ಮೇಜು ಗುದ್ದಿದ.

ಬಾಯಾರು ಮೊಂಡು ಬೆರಳಿನಿಂದ ಬಾಗಿಲು ತೋರಿಸಿದರು. "ನಿಮ್ಮ ಚಪ್ಪಲಿ ಹೊರಗ ಅದಾವ. ಅವು ಇರೂದು ಕಾಲಿಗಿ. ಹೋಗಿ ಹಾಕ್ಕೊಳ್ರಿ."

ಅವನು ಕುರ್ಚಿ ಹಿಂದೆ ತಳ್ಳಿ ಎದ್ದ. ಹೊರಗೆ ಹೋದದ್ದೇ ತಡ, ಬಾಯಾರು ಚಿಲಕ ಹಾಕಿದರು. ಆಗ ಬಂತು ನೋಡಿ ಅವನಿಗೆ ರೋಷ. "ಹೊರಗ ಬಾರಲೇ, ಕೊಂದಬಿಡ್ತೀನಿ" ಅಂತ ಬಾಗಿಲು ಒದೆಯತೊಡಗಿದ. ಮೇಲಿನ ಗಾಜು ಒಡೆದು ನಮ್ಮ ಕಾಲ ಬುಡಕ್ಕೆ ಬಿತ್ತು. ಬಾಯಾರು ನನ್ನ ಕೈ ಬಿಡಲಿಲ್ಲ. "ಅಂವ ಒದೀಲಿ. ನೀ ಹೇಳಬೇ ಹುಲಿ."

ಹೇಳಿದೆ. ಅಳುತ್ತ ಎಲ್ಲ ಹೇಳಿದೆ. ಕಂಪೌಂಡರ್ ಕರೆಸಿದ ಪೊಲೀಸರು ಬರುವ ತನಕ ಬಾಯಾರು ಆ ಚಿಲಕ ತೆಗೆಯಲಿಲ್ಲ. ಅಲ್ಲಿಂದ ನೇರ ತವರು ಬಬಲೇಶ್ವರಕ್ಕೆ ಹೋದೆ. ತಿಕೋಟಾದ ಆ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಬಾಯಾರು ಹೋದ ವರ್ಷ ತೀರಿಕೊಂಡರು. ಅವರ ಕುರ್ಚಿಯಲ್ಲೀಗ ಹೊಸ ಡಾಕ್ಟರು. "ಅಷ್ಟು ದೂರದಿಂದ ಯಾಕ ಬರ್ತೀರಿ? ಫೋನಿನ್ಯಾಗ ಮಾತಾಡಬಹುದಲ್ಲ" ಅನ್ನುತ್ತಾರೆ.

"ಬಸ್ಸಿನ್ಯಾಗ ಬಿದ್ದರೂ ಚಿಂತಿಲ್ರಿ. ನಿಮ್ಮ ಫೋನಿಗೆ ಚಿಲಕ ಇಲ್ಲ" ಅನ್ನುತ್ತೇನೆ.