ಮಡಿಲಕ್ಕಿ ಕಟ್ಟಿಸಿಕೊಂಡ ಮೀನು

ಭಾನುವಾರ ಬೆಳಿಗ್ಗೆ ಪಿರಿಯಾಪಟ್ಟಣದಲ್ಲಿ ಹುಣಸೂರಿನ ಬಸ್ಸು ಹತ್ತಿದಾಗ ನಾವು ಮೂವರು: ನಾನು, ನನ್ನ ಅಕ್ಕ ಜಯಮ್ಮ, ಪೇಂಟಿನ ಬಕೆಟ್ಟಿನೊಳಗೆ ಗೌರಿ. ಗೌರಿ ಅಂದರೆ ಮೀನು. ಗಾಜಿನ ತೊಟ್ಟಿಯ ಪಾಚಿ ತಿಂದು ಶುಚಿ ಮಾಡುತ್ತದೆಂದು ಅಂಗಡಿಯವನು ಕೊಟ್ಟಾಗ ಬೆರಳುದ್ದವಿತ್ತು. ಈಗ ಮೊಳದುದ್ದ, ಬೆನ್ನಿಗೆ ಮುಳ್ಳು, ಮೈಗೆ ಹಲಸಿನ ಸಿಪ್ಪೆಯಂಥ ಒರಟು ಚರ್ಮ. ತೊಟ್ಟಿಯಲ್ಲಿ ತಿರುಗಲು ಜಾಗವಿಲ್ಲದೆ ಒದ್ದಾಡುವುದನ್ನು ನೋಡಲಾರದೆ, ನಮ್ಮ ಹುಟ್ಟೂರು ಕಟ್ಟೆಮಳಲವಾಡಿಯ ಹೊಳೆಗೆ ಬಿಟ್ಟುಬರೋಣ ಎಂದು ಅಕ್ಕ ಹಟ ಹಿಡಿದಿದ್ದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಕಿ, ಅಚ್ಚುಬೆಲ್ಲ, ಕೊಬ್ಬರಿ ಗಿಟುಕು, ಎಲೆಅಡಿಕೆ, ಹಸಿರು ಬಳೆ ಎಲ್ಲ ಗಂಟು ಕಟ್ಟಿದ್ದಳು. ಮೀನಿಗೆ ಮಡಿಲಕ್ಕಿ!

"ನಗಬೇಡ ಕಣೋ. ಸಾಕಿದ ಹೆಣ್ಣುಮಗಳನ್ನ ಬರಿಗೈಲಿ ಕಳಿಸ್ತಾರಾ?" ಎಂದು ಗದರಿದಳು.

ಕಂಡಕ್ಟರ್ ಅಕ್ಕನಿಗೆ ಫ್ರೀ ಟಿಕೆಟ್ಟು ಕೊಟ್ಟು, ನನ್ನ ಹತ್ತಿರ ದುಡ್ಡು ಇಸಿದುಕೊಂಡು, ಬಕೆಟ್ಟಿಗೆ ಇಣುಕಿದ. "ಇದು ಗಂಡೋ ಹೆಣ್ಣೋ?"

"ಹೆಣ್ಣು ಕಣಪ್ಪ, ಗೌರಿ."

"ಅಂಗಾದ್ರೆ ಇವರಿಗೂ ಫ್ರೀ ಬುಡಿ!" ಬಸ್ಸೆಲ್ಲ ನಕ್ಕಿತು.

ಹುಣಸೂರಿನಲ್ಲಿಳಿದು ಬಿಸಿ ಇಡ್ಲಿ ತಿಂದು, ಸೇತುವೆಯ ಮೇಲೆ ನಿಂತೆವು. ಎಳೆ ಬಿಸಿಲು ಹಿತವಾಗಿತ್ತು. ಊರ ಚರಂಡಿಯ ನೀರು, ಗದ್ದೆಗಳಿಂದ ತೊಳೆದುಬಂದ ಗೊಬ್ಬರ ಎಲ್ಲ ಸೇರಿ ಲಕ್ಷ್ಮಣತೀರ್ಥ ಹಸಿರುಗಟ್ಟಿತ್ತು. ನಾನು ಮೂಗು ಮುಚ್ಚಿಕೊಂಡೆ. ಅಕ್ಕನಿಗೋ ಖುಷಿ. "ಎಷ್ಟೊಂದು ಪಾಚಿ! ಗೌರಿಗೆ ಊಟದ ಚಿಂತೆಯಿಲ್ಲ."

ಇನ್ನೊಂದು ಬಸ್ಸು ಹಿಡಿದು ಅದೇ ಹೊಳೆಯ ದಡದ ಕಟ್ಟೆಮಳಲವಾಡಿ ಸೇರಿದೆವು. ನಾವಿಬ್ಬರೂ ಈಜು ಕಲಿತ ಜಾಗದಲ್ಲೇ ಅಕ್ಕ ಬಕೆಟ್ಟಿಗೆ ಕುಂಕುಮವಿಟ್ಟು, ಕಣ್ಣೊರೆಸಿಕೊಂಡು, ಇನ್ನೇನು ಬಗ್ಗಿಸಬೇಕು, ದಡದಲ್ಲಿ ಬಲೆ ಬಿಡಿಸುತ್ತಿದ್ದ ಹೆಂಗಸು ಕೂಗುತ್ತ ಓಡಿಬಂದಳು. ನಮ್ಮೂರಲ್ಲಿ ಮೀನು ಹಿಡಿದೇ ಬದುಕುವ ಚಿಕ್ಕತಾಯಮ್ಮ.

"ಬ್ಯಾಡ ಕಣಕ್ಕಾ! ನಿಮ್ ದಮ್ಮಯ್ಯ, ಬುಡಬ್ಯಾಡಿ! ಬನ್ನಿ ಇಲ್ಲಿ, ನಮ್ ಬಲೆ ನೋಡಿ."

ಬಲೆಯಲ್ಲಿ ನನ್ನ ತಲೆ ತೂರುವಷ್ಟು ತೂತುಗಳು. ಇನ್ನುಳಿದ ಕಡೆ ಗೌರಿಯಂಥವೇ ಏಳೆಂಟು, ಮುಳ್ಳು ಸಿಕ್ಕಿಸಿಕೊಂಡು ಬಿದ್ದಿದ್ದವು.

"ಬುಡಿಸಾಕಾಗಲ್ಲ, ಬಲೇನೇ ಕುಯ್ಬೇಕು. ಇವನ್ನ ಇಲ್ಲಿ ಯಾರೂ ಕೊಳ್ಳಲ್ಲ. ಕೊಚ್ಚೆ ನೀರಲ್ಲೂ ಸಾಯಲ್ಲ, ಪಾಚಿ ತಿಂದ್ಕಂಡು ಎಚ್ಕತಾ ಅವೆ. ಮೊದ್ಲು ಗೆಂಡೆ ಮೀನು ಬೀಳೋವು, ಈಗ ಇವೇಯ. ಯಾವ ಪುಣ್ಯಾತ್ಮರು ತಂದು ಬುಟ್ರೋ!"

ಅಕ್ಕನ ಮುಖ ಸಪ್ಪಗಾಯಿತು. ಬಲೆಯನ್ನೂ ಬಕೆಟ್ಟನ್ನೂ ನೋಡಿದಳು. ಆಮೇಲೆ ಮುಚ್ಚಳವನ್ನು ಒತ್ತಿ ಮುಚ್ಚಿ, ಗಂಟು ಬಿಚ್ಚಿದಳು. "ಸೆರಗೊಡ್ಡು ತಾಯಿ."

"ಇದ್ಯಾಕಕ್ಕಾ? ಇವತ್ತು ಯಾವ ಅಬ್ಬ?"

"ಹೊಳೆಗೆ ಅಂತ ತಂದಿದ್ದೆ. ಈ ಹೊಳೆ ನಂಬಿರೋಳು ನೀನು, ನೀನೇ ಇಸ್ಕೋ."

ಚಿಕ್ಕತಾಯಮ್ಮ ಸೆರಗಿನಲ್ಲಿ ಮಡಿಲಕ್ಕಿ ತುಂಬಿಸಿಕೊಂಡು, ಒದ್ದೆ ಕೈಗೆ ಅಲ್ಲೇ ಬಳೆ ಏರಿಸಿದಳು. ಹೊರಟಾಗ ಎರಡು ಜಿಲೇಬಿ ಮೀನು ಕವರಿಗೆ ಹಾಕಿಕೊಟ್ಟು, "ತವರಿಂದ ನೀವೂ ಬರಿಗೈಲಿ ಓಗ್ಬಾರ್ದು," ಎಂದಳು. ನನಗೆ ಮನಸ್ಸು ತುಂಬಿಬಂತು.

ಹಿತ್ತಲಿನ ಹಳೇ ಕಲ್ಲುಬಾನಿ ತೊಳೆದು ನೀರು ತುಂಬಿಸಿಡಿ ಎಂದು ಅಕ್ಕ ಭಾವನಿಗೆ ಫೋನು ಮಾಡಿದಳು. ಭಾವ ಏನೋ ಗೊಣಗಿದರು, ಅವಳು ಕೇಳಿಸಿಕೊಳ್ಳಲಿಲ್ಲ.

ಸಂಜೆ ಹುಣಸೂರಿನಲ್ಲಿ ಸಿಕ್ಕಿದ್ದು ಬೆಳಗಿನ ಬಸ್ಸೇ. ಕಂಡಕ್ಟರ್ ಬಕೆಟ್ಟು ನೋಡಿ ಹುಬ್ಬೇರಿಸಿದ. "ಏನಮ್ಮಾ, ಗೌರೀನ ಕಳಿಸಿಕೊಡ್ಲಿಲ್ವಾ?"

"ಆ ಮನೇಲಿ ಆಗಲೇ ಸೊಸೆಯರು ಜಾಸ್ತಿಯಾಗಿ, ಮನೆಯವರಿಗೇ ಊಟ ಇಲ್ಲ ಕಣಪ್ಪ," ಎಂದಳು ಅಕ್ಕ, ಬಕೆಟ್ಟನ್ನು ಮಡಿಲಿಗೆಳೆದುಕೊಳ್ಳುತ್ತ. "ಇವಳು ನನ್ನ ಹತ್ರಾನೇ ಇರ್ಲಿ."